ಬೀಗ ಇತ್ತು, ಬಂದವರು ಯಾರೆಂದು ಕೇಳುವವರಿರಲಿಲ್ಲ

ಐಬಿಎಂ ಕಂಪನಿಯ ಎಎಸ್/400 ಯಂತ್ರ 1988ರ ಜೂನ್‌ನಲ್ಲಿ ಬಂತು. ಅದು ರೂಪುಗೊಂಡದ್ದು ಅಮೆರಿಕದ ಮಿನೆಸೋಟಾ ರಾಜ್ಯದ ರಾಚೆಸ್ಟರ್ ಊರಿನಲ್ಲಿ. ಮೇನ್‌ಫ್ರೇಮಿನಷ್ಟು ದೊಡ್ಡದಲ್ಲ, ಪಿಸಿಯಷ್ಟು ಚಿಕ್ಕದೂ ಅಲ್ಲ. ಅದಕ್ಕೇ ‘ಮಿಡ್‌ರೇಂಜ್’ ಎಂಬ ಹೆಸರು. ಬ್ಯಾಂಕು, ಗೋದಾಮು, ಕಾರ್ಖಾನೆಗಳ ಲೆಕ್ಕವೆಲ್ಲ ಅದರೊಳಗೆ ಸೇರಿಕೊಂಡಿತು. ಮುಂದೆ ಅದು ಐಸೀರೀಸ್ ಆಯಿತು, ಸಿಸ್ಟಮ್ ಐ ಆಯಿತು. 2008ರಿಂದ ಅದರ ಆಪರೇಟಿಂಗ್ ಸಿಸ್ಟಮ್‌ಗೆ ಐಬಿಎಂ ಐ ಎಂಬ ಹೆಸರು. ಹೆಸರು ಎಷ್ಟು ಬದಲಾದರೂ ಹಳೆಯ ಪ್ರೋಗ್ರಾಮುಗಳು ಓಡುತ್ತಲೇ ಇದ್ದವು. ಅದರ ಹೆಗ್ಗಳಿಕೆ ಅದೇ, ಮುಂದಿನ ತೊಡಕಿನ ಮೂಲವೂ ಅದೇ.

ಇಂಟರ್ನೆಟ್ಟಿಗೆ ಬೀಗ ಬಂದದ್ದು ಆಮೇಲೆ. ನೆಟ್‌ಸ್ಕೇಪ್ 1995ರಲ್ಲಿ ಎಸ್‌ಎಸ್‌ಎಲ್‌ನ ಎರಡನೆಯ ಆವೃತ್ತಿಯನ್ನೂ ಮರುವರ್ಷ ಮೂರನೆಯದನ್ನೂ ಕೊಟ್ಟಿತು. 1999ರಲ್ಲಿ ಟಿಎಲ್‌ಎಸ್ ಬಂತು. ಗಟ್ಟಿ ಬೀಗವನ್ನು ಹೊರದೇಶಕ್ಕೆ ಮಾರಲು ಅಮೆರಿಕದ ಕಾನೂನು ಅಡ್ಡಿಯಾಗಿತ್ತು. ಅಲ್ಲಿನವರಿಗೆ 128 ಬಿಟ್, ಹೊರಗಿನವರಿಗೆ ಹೆಚ್ಚಾಗಿ 40. ಈ ಬಿಗಿ ಸಡಿಲವಾದದ್ದು 2000ದ ಜನವರಿಯಲ್ಲಿ. ಜಾವಾದ ಬೀಗ ಜೆಎಸ್‌ಎಸ್‌ಇ ಕೂಡ ಮೊದಲು ಬೇರೆಯಾಗಿಯೇ ಸಿಗುತ್ತಿತ್ತು, 2002ರ ಜಾವಾ 1.4ರಲ್ಲಿ ಒಳಗೆ ಸೇರಿತು.

ಐಬಿಎಂ ಐ ಮೇಲಿನ ಜಾವಾಕ್ಕೆ ಎರಡು ಕೀಲಿಗೊಂಚಲು. ಒಂದು ಜಾವಾದ ಸ್ವಂತ ಫೈಲು. ಇನ್ನೊಂದು ಯಂತ್ರದ ಸರ್ಟಿಫಿಕೇಟ್ ಭಂಡಾರ, ಅದನ್ನು ನೋಡಿಕೊಳ್ಳುವುದು ಡಿಜಿಟಲ್ ಸರ್ಟಿಫಿಕೇಟ್ ಮ್ಯಾನೇಜರ್. ಹೊಸ ಸರ್ಟಿಫಿಕೇಟನ್ನು ಒಂದರಲ್ಲಿ ಹಾಕಿ, ಪ್ರೋಗ್ರಾಮು ಇನ್ನೊಂದರಲ್ಲಿ ಹುಡುಕಿದರೆ ಸಂಪರ್ಕ ಬಿದ್ದುಹೋಗುತ್ತದೆ. ಜಾವಾದ ಫೈಲಿಗೆ ಮೊದಲೇ ಇಟ್ಟಿರುವ ಪಾಸ್‌ವರ್ಡ್ ‘ಚೇಂಜ್‌ಇಟ್’, ಅಂದರೆ ‘ಇದನ್ನು ಬದಲಿಸು’. ಅನುವಾದದ ಕೆಲಸದವಳಾದ ನನಗೆ ಇಷ್ಟು ನೇರವಾದ ವಿಧಿರೂಪ ಅಪರೂಪಕ್ಕೆ ಸಿಗುತ್ತದೆ. ಹಾಗಿದ್ದೂ ಅದನ್ನು ಹಾಗೇ ಬಿಟ್ಟಿರುವವರೇ ಜಾಸ್ತಿ ಎಂದು ನನ್ನ ಗುಮಾನಿ.

ಗೊಂಚಲಿಗಿಂತ ದೊಡ್ಡ ತೊಂದರೆ ಬೇರೆ ಇತ್ತು. ಸರ್ಟಿಫಿಕೇಟು ಅಸಲಿಯೇ ಎಂದು ನೋಡುವುದು ಒಂದು ಕೆಲಸ, ಅದು ನಾವು ಕರೆದವರದ್ದೇ ಎಂದು ನೋಡುವುದು ಇನ್ನೊಂದು. ಜೆಎಸ್‌ಎಸ್‌ಇಯ ಕೆಳಸ್ತರದ ಸಾಕೆಟ್ಟು ಎರಡನೆಯದನ್ನು ತಾನಾಗಿ ಮಾಡುತ್ತಿರಲಿಲ್ಲ, ಪ್ರೋಗ್ರಾಮರನಿಗೆ ಬಿಟ್ಟಿತ್ತು. ನಿಮ್ಮ ಬ್ಯಾಂಕಿನ ಹೆಸರು ಹೇಳಿಕೊಂಡು ಬೇರೊಬ್ಬ ತನ್ನದೇ ಅಸಲಿ ಗುರುತುಚೀಟಿ ತೋರಿಸಿದರೂ ಬಾಗಿಲು ತೆರೆಯುತ್ತಿತ್ತು. 2012ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಬ್ರೌಸರುಗಳಲ್ಲದ ತಂತ್ರಾಂಶಗಳನ್ನು ಪರೀಕ್ಷಿಸಿದರು. ಅಮೆಜಾನ್ ಕ್ಲೌಡಿನ ಜಾವಾ ಲೈಬ್ರರಿ, ಪೇಪಾಲ್ ವ್ಯಾಪಾರಿಗಳಿಗೆ ಕೊಡುತ್ತಿದ್ದ ಕೋಡು, ಇವುಗಳಲ್ಲೂ ಪರಿಶೀಲನೆ ಮುರಿದಿತ್ತು. ಅವರು ಬೈದದ್ದು ಪ್ರೋಗ್ರಾಮರುಗಳನ್ನಲ್ಲ, ಹೀಗೆ ಗೊಂದಲ ಹುಟ್ಟಿಸುವಂತೆ ಬೀಗ ಮಾಡಿದವರನ್ನು. ನನಗೂ ಅದೇ ಸರಿ ಅನ್ನಿಸುತ್ತದೆ.

2014ರ ಅಕ್ಟೋಬರ್‌ನಲ್ಲಿ ‘ಪೂಡಲ್’ ದಾಳಿ ಬಯಲಾಗಿ ಎಸ್‌ಎಸ್‌ಎಲ್ 3ರ ಕತೆ ಮುಗಿಯಿತು. ಮುಂದಿನ ಜನವರಿಯಲ್ಲಿ ಜಾವಾ ಅದನ್ನು ಮುಚ್ಚಿತು. ಆಮೇಲೆ ಸರದಿ ಹಳೆಯ ಟಿಎಲ್‌ಎಸ್‌ನದು. ಕಾರ್ಡು ವ್ಯವಹಾರದ ನಿಯಮಗಳು 2018ರ ಜೂನ್ 30ರ ಗಡುವು ಕೊಟ್ಟವು. ವರ್ಷಗಟ್ಟಲೆ ಯಾರೂ ಮುಟ್ಟದ ಪ್ರೋಗ್ರಾಮಿಗೂ ಆ ಗಡುವು ಅನ್ವಯಿಸುತ್ತಿತ್ತು, ಏಕೆಂದರೆ ಬಾಗಿಲು ಮುಚ್ಚುವುದು ಆಚೆ ಬದಿಯವರು. ಜಾವಾ 7ಕ್ಕೆ ಟಿಎಲ್‌ಎಸ್ 1.2 ಗೊತ್ತಿತ್ತು, ಆದರೆ ತಾನಾಗಿ ಕರೆ ಮಾಡುವಾಗ 1.0 ಎಂದೇ ಹೇಳುತ್ತಿತ್ತು. ಜಾವಾ 8 ಅದನ್ನು ಬದಲಿಸಿತು. 7ರಲ್ಲೇ ಉಳಿದವರು ಪ್ರೋಗ್ರಾಮು ಶುರುವಾಗುವ ಕಡೆ ಆವೃತ್ತಿ ಹೇಳುವ ಒಂದು ಸಾಲು ಸೇರಿಸಬೇಕಿತ್ತು. ಯಂತ್ರದ ಗೊಂಚಲು ಬಳಸುವವರು ಕ್ಯೂಎಸ್‌ಎಸ್‌ಎಲ್‌ಪಿಸಿಎಲ್ ಎಂಬ ಸಿಸ್ಟಮ್ ಮೌಲ್ಯವನ್ನೂ ನೋಡಬೇಕಿತ್ತು.