ಉದುರಿದರೂ ಬೀಳದ ಕೂದಲು

ಬಾಚಣಿಗೆಯ ಹಲ್ಲಿಗೆ ಹತ್ತಾರು ಎಳೆ ಕೂದಲು ಸಿಕ್ಕಿಕೊಂಡು ಬಂದರೆ ಎದೆ ಧಸಕ್ಕೆನ್ನುವುದು ಸಹಜ. ತಲೆ ಬಕ್ಕಾದೀತೆಂಬ ಭಯ ಎಲ್ಲ ಕಾಲಕ್ಕೂ, ಎಲ್ಲ ದೇಶಕ್ಕೂ ಇದ್ದದ್ದೇ. ಆದರೆ ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಿನ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ಸೀಮೆಯ ಬಡ ಮನೆಗಳಲ್ಲಿ ಇದಕ್ಕಿಂತ ದೊಡ್ಡ ಭಯವೊಂದಿತ್ತು. ಅದು ಬಾಚಣಿಗೆಗೆ ಸಿಕ್ಕ ಕೂದಲಿನದಲ್ಲ. ಬಾಚಣಿಗೆ ಇಳಿಯದ ಕೂದಲಿನದು.

ಹುಡುಗಿಯ ಹಿಂದಲೆಯಲ್ಲಿ ಕೂದಲು ಗಂಟುಗಟ್ಟಿ ಬಿಡಿಸಲಾಗದಂತಾದರೆ ಹಿರಿಯರು ‘ಜಡಿ ಬಂತು’ ಎನ್ನುತ್ತಿದ್ದರು. ಇದು ಹೆಣೆದು ಹೂ ಮುಡಿಯುವ ಜಡೆಯಲ್ಲ, ತಾನಾಗಿ ಹಗ್ಗದಂತೆ ಹುರಿಗೊಳ್ಳುವ ಜಟೆ. ಸವದತ್ತಿಯ ಗುಡ್ಡದ ಎಲ್ಲಮ್ಮ ಆ ಹುಡುಗಿಯನ್ನು ಕರೆದಿದ್ದಾಳೆಂಬುದು ಅದಕ್ಕೆ ಸಿಗುತ್ತಿದ್ದ ಅರ್ಥ. ಅಂದಿನಿಂದ ಆ ತಲೆಗೆ ಬಾಚಣಿಗೆ ಇಲ್ಲ, ಕತ್ತರಿಯಂತೂ ಇಲ್ಲವೇ ಇಲ್ಲ. ಭಂಡಾರ ಹಚ್ಚಿ ಪೂಜೆ ಮಾಡಬೇಕು. ಕತ್ತರಿಸಿದರೆ ಮನೆಗೆ ಕೇಡು. ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಗುಡ್ಡಕ್ಕೆ ಹೋಗಿ ಬಂದ ಮೇಲೆ ಕೆಲವು ಮನೆಗಳಲ್ಲಿ ಆ ಹುಡುಗಿಗೆ ಮುತ್ತು ಕಟ್ಟುತ್ತಿದ್ದರು. ಕೊರಳಿಗೆ ಕೆಂಪು–ಬಿಳಿ ಮಣಿಯ ಸರ ಬಿದ್ದ ಮೇಲೆ ಆಕೆಗೆ ಮದುವೆ ಇರಲಿಲ್ಲ. ಆಕೆ ದೇವದಾಸಿಯಾದಳು.

ಜಟೆ ಬಂದವರೆಲ್ಲ ದೇವದಾಸಿಯರಾಗಲಿಲ್ಲ, ದೇವದಾಸಿಯರಾದವರಿಗೆಲ್ಲ ಜಟೆಯೂ ಇರಲಿಲ್ಲ. ಮುತ್ತು ಕಟ್ಟುವುದಕ್ಕೆ ಬಡತನ, ಜಾತಿ, ಗಂಡು ಸಂತಾನವಿಲ್ಲದ ಕೊರಗು, ಹರಕೆ ಹೀಗೆ ಹಲವು ಕಾರಣಗಳಿದ್ದವು. ಬಲಿಯಾದವರಲ್ಲಿ ಬಹುಪಾಲು ದಲಿತ ಕುಟುಂಬಗಳ ಹೆಣ್ಣುಮಕ್ಕಳು. ಆದರೆ ಜಟೆ ಕಣ್ಣಿಗೆ ಕಾಣುವ ಸಾಕ್ಷಿಯಾಗಿತ್ತು. ದೇವಿಯ ಅಪ್ಪಣೆಯೇ ತಲೆಯ ಮೇಲೆ ಬಂದು ಕೂತಿರುವಾಗ ಬೇಡವೆನ್ನುವ ಧೈರ್ಯ ಯಾರಿಗಿತ್ತು?

ಅಷ್ಟಕ್ಕೂ ಈ ಜಟೆ ಹೇಗೆ ಬರುತ್ತದೆ? ಉತ್ತರವಿರುವುದು ಕೂದಲು ಉದುರುವ ಕ್ರಮದಲ್ಲಿಯೇ.

ದಿನದ ಲೆಕ್ಕ

ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿವೆ. ಪ್ರತಿಯೊಂದಕ್ಕೂ ತನ್ನದೇ ಆಯುಷ್ಯವುಂಟು. 2ರಿಂದ 6 ವರ್ಷ ಬೆಳೆಯುತ್ತದೆ, ಎರಡು ಮೂರು ವಾರಗಳಲ್ಲಿ ಬೇರು ಸೊರಗುತ್ತದೆ, ಆಮೇಲೆ ಸುಮಾರು 3 ತಿಂಗಳು ವಿಶ್ರಾಂತಿಯಲ್ಲಿದ್ದು ಉದುರುತ್ತದೆ. ಅದೇ ಕುಳಿಯಿಂದ ಹೊಸದು ಹುಟ್ಟುತ್ತದೆ. ಹೀಗೆ ಆರೋಗ್ಯವಂತರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ಇದು ರೋಗವಲ್ಲ.

ಬಾಚಿದರೆ ಈ ಸತ್ತ ಕೂದಲು ಹೊರಗೆ ಬರುತ್ತದೆ. ಬಾಚದಿದ್ದರೆ? ಬೇರು ಬಿಟ್ಟ ಎಳೆ ನೆಲಕ್ಕೆ ಬೀಳದೆ ಪಕ್ಕದ ಎಳೆಗಳನ್ನು ಸುತ್ತಿಕೊಂಡು ಅಲ್ಲಿಯೇ ನಿಲ್ಲುತ್ತದೆ. ದಿನಕ್ಕೆ 70ರ ಲೆಕ್ಕ ಹಿಡಿದರೂ ಮೂರು ತಿಂಗಳಿಗೆ 6,300 ಎಳೆಗಳಾದವು. ಎಣ್ಣೆ, ಬೆವರು, ಧೂಳು ಸೇರಿ ಅವು ಗಟ್ಟಿಯಾಗುತ್ತವೆ. ಕೂದಲಿನ ಮೈಮೇಲೆ ಹಂಚು ಹೊದಿಸಿದಂತೆ ಸಣ್ಣ ಸಣ್ಣ ಹುರುಪೆಗಳಿದ್ದು ಅವು ಒಂದೇ ದಿಕ್ಕಿಗೆ ಬಾಗಿರುತ್ತವೆ. ಒದ್ದೆ ಉಣ್ಣೆಯನ್ನು ತಿಕ್ಕಿದರೆ ಅದು ಬಿಡಿಸಲಾಗದಂತೆ ಹೆಣೆದುಕೊಳ್ಳುವುದು ಈ ಹುರುಪೆಗಳಿಂದಲೇ. ಉದ್ದ ಕೂದಲನ್ನು ನೆತ್ತಿಯ ಮೇಲೆ ಗುಡ್ಡೆ ಹಾಕಿ ಗರಗರ ತಿಕ್ಕಿ ತೊಳೆದಾಗ ಒಂದೇ ಸ್ನಾನದಲ್ಲಿ ಜಟೆಗಟ್ಟಿದ ಪ್ರಕರಣಗಳನ್ನೂ ಚರ್ಮವೈದ್ಯರು ವರದಿ ಮಾಡಿದ್ದಾರೆ. ‘ರಾತ್ರಿ ಮಲಗಿದಾಗ ಇರಲಿಲ್ಲ, ಬೆಳಗಾಗುವುದರೊಳಗೆ ಬಂತು’ ಎಂಬ ಮಾತೂ ಹಾಗಾಗಿ ಪೂರ್ತಿ ಕಟ್ಟುಕಥೆಯಲ್ಲ.

ರಬಕವಿ–ಬನಹಟ್ಟಿಯ ನೇಕಾರರಿಗೆ ಇದನ್ನು ವಿವರಿಸಬೇಕಿಲ್ಲ. ತುಂಡಾದ ಒಂದು ಎಳೆಯನ್ನು ಆಗಲೇ ತೆಗೆಯದಿದ್ದರೆ ಅದು ಹತ್ತು ಎಳೆಗಳನ್ನು ಸಿಕ್ಕು ಮಾಡುತ್ತದೆಂಬುದು ಮಗ್ಗದ ಮುಂದೆ ಕೂತವರ ನಿತ್ಯದ ಅನುಭವ.

ಅಂದರೆ ಜಟೆಯಲ್ಲಿ ತುಂಬಿರುವುದು ಬಹುಮಟ್ಟಿಗೆ ಉದುರಿದ ಕೂದಲೇ. ಉದುರಿದರೂ ಬೀಳದ ಕೂದಲು.

ಕಾರಣಗಳು ಹಲವು

ಕೂದಲು ಉದುರುವುದು ಒಂದೇ ಬಗೆಯದಲ್ಲವೆಂಬುದನ್ನು ನಮ್ಮ ಹಳೆಯ ವೈದ್ಯರೂ ಬಲ್ಲವರಾಗಿದ್ದರು. ಪಿತ್ತವು ವಾತದೊಡನೆ ಸೇರಿ ರೋಮಕೂಪ ಹೊಕ್ಕು ಕೂದಲನ್ನು ಉದುರಿಸುತ್ತದೆ, ಬಳಿಕ ಕಫವೂ ರಕ್ತವೂ ಆ ಕುಳಿಯನ್ನು ಮುಚ್ಚಿ ಹೊಸ ಕೂದಲು ಬಾರದಂತೆ ಮಾಡುತ್ತವೆ ಎಂದು ಸುಶ್ರುತ ಸಂಹಿತೆ ಇಂದ್ರಲುಪ್ತವನ್ನು ವಿವರಿಸುತ್ತದೆ. ಥಟ್ಟನೆ ಉದುರುವ ಇಂದ್ರಲುಪ್ತವನ್ನೂ ನಿಧಾನವಾಗಿ ಬರುವ ಖಲತಿಯನ್ನೂ ವಾಗ್ಭಟ ಬೇರೆ ಬೇರೆಯಾಗಿ ಗುರುತಿಸಿದ. ವಿವರಣೆ ಇಂದಿನದಲ್ಲದಿರಬಹುದು. ಆದರೆ ಕಾರಣವನ್ನು ದೇಹದೊಳಗೇ ಹುಡುಕಬೇಕೆಂಬ ದಾರಿ ಅಲ್ಲಿದೆ.

ಇಂದಿನ ವೈದ್ಯಶಾಸ್ತ್ರ ಬಗೆಗಳನ್ನು ಇನ್ನಷ್ಟು ಬಿಡಿಸಿದೆ. ಗಂಡಸರ ಹಣೆ ಮೇಲೇರಿ ನೆತ್ತಿ ಬಯಲಾಗುವುದು ವಂಶಪಾರಂಪರ್ಯ ಮತ್ತು ಪುರುಷ ಹಾರ್ಮೋನಿನಿಂದ. ಪ್ರಾಯಕ್ಕೆ ಮುಂಚೆ ಬೀಜ ಕಳೆದುಕೊಂಡವರ ತಲೆ ಬಕ್ಕಾಗುವುದಿಲ್ಲವೆಂದು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ತೋರಿಸಿಕೊಟ್ಟರು. ಹೆಂಗಸರಲ್ಲಿ ಬೈತಲೆ ಅಗಲವಾಗುತ್ತ ಕೂದಲು ತೆಳುವಾಗುತ್ತದೆ. ನಾಣ್ಯದ ಗಾತ್ರದಲ್ಲಿ ನುಣ್ಣಗೆ ಬೋಳಾದರೆ, ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲ ಬೇರಿನ ಮೇಲೆ ಬಿದ್ದಿದೆಯೆಂದು ಅರ್ಥ. ‘ಹುಳ ತಿಂದಿದೆ’ ಎಂದು ಜನ ಹೇಳಿದರೂ ಅಲ್ಲಿ ಹುಳವೇನೂ ಇಲ್ಲ. ಮಕ್ಕಳ ತಲೆಯಲ್ಲಿ ಹೊಟ್ಟು, ತುರಿಕೆ, ಮುರಿದ ಕೂದಲು ಕಂಡರೆ ಅದು ಶಿಲೀಂಧ್ರ ಸೋಂಕಿರಬಹುದು. ಇದು ಒಬ್ಬರಿಂದೊಬ್ಬರಿಗೆ ಹರಡುತ್ತದೆ, ವೈದ್ಯರು ಕೊಡುವ ಗುಳಿಗೆಯಿಂದ ವಾಸಿಯಾಗುತ್ತದೆ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಅರೆಹೊಟ್ಟೆ ಊಟ ಇವೂ ಕಾರಣಗಳೇ.

ಜಟೆಯ ವಿಷಯಕ್ಕೆ ತೀರ ಹತ್ತಿರದ ಬಗೆ ಇನ್ನೊಂದಿದೆ. ಟೈಫಾಯ್ಡಿನಂಥ ಜ್ವರ ಅಥವಾ ಬಾಣಂತನ ಕಳೆದು ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರುತ್ತದೆ. ದೇಹಕ್ಕೆ ಆಘಾತವಾದಾಗ ಬೆಳೆಯುತ್ತಿದ್ದ ಕೂದಲುಗಳು ಒಮ್ಮೆಗೇ ವಿಶ್ರಾಂತಿಗೆ ಜಾರುವುದೇ ಇದಕ್ಕೆ ಕಾರಣ. 1918ರ ಇನ್‌ಫ್ಲುಯೆಂಜಾ ಬಳಿಕ ಅಂದಿನ ವೈದ್ಯರು ಇದನ್ನು ಕಂಡಿದ್ದರು, ಕೋವಿಡ್ ಬಳಿಕ ಮತ್ತೆ ಕಾಣಿಸಿತು. ಸಾಮಾನ್ಯವಾಗಿ ಆರು ತಿಂಗಳಲ್ಲಿ ತಾನಾಗಿಯೇ ನಿಲ್ಲುತ್ತದೆ.

ಈಗ ಹಳ್ಳಿಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಹುಡುಗಿ ತಿಂಗಳುಗಟ್ಟಲೆ ಜ್ವರದಲ್ಲಿ ಮಲಗಿದ್ದಾಳೆ. ತಾಯಿ ಹೊಲದ ಕೂಲಿಗೆ ಹೋಗುತ್ತಾಳೆ; ತಲೆ ಬಾಚುವವರಿಲ್ಲ. ಜ್ವರ ಬಿಟ್ಟ ಮೇಲೆ ಕೂದಲು ಎಂದಿಗಿಂತ ಹೆಚ್ಚು ಉದುರುತ್ತದೆ, ಉದುರಿದ್ದು ಹೊರಗೆ ಬರದೆ ಗಂಟಾಗುತ್ತದೆ. ಕಾಯಿಲೆಯಿಂದ ಎದ್ದವಳಿಗೆ ಜಟೆ ಬಂದಿದೆಯೆಂದರೆ ದೇವಿಯೇ ಕಾಪಾಡಿ ತನ್ನವಳನ್ನಾಗಿ ಮಾಡಿಕೊಂಡಳೆಂದು ಮನೆಯವರಿಗೆ ತೋರದಿದ್ದೀತೆ? ಮೊದಲ ವಾರ ಎಣ್ಣೆ ಹಚ್ಚಿ ತಾಳ್ಮೆಯಿಂದ ಬಿಡಿಸಬಹುದಾಗಿದ್ದ ಗಂಟು, ಬಾಚಬಾರದೆಂಬ ಕಟ್ಟಳೆ ಬಿದ್ದ ಮೇಲೆ ಬೆಳೆಯುತ್ತಲೇ ಹೋಗುತ್ತದೆ. ನಂಬಿಕೆಯೇ ಜಟೆಯನ್ನು ಬೆಳೆಸುತ್ತದೆ, ಬೆಳೆದ ಜಟೆ ನಂಬಿಕೆಯನ್ನು ಗಟ್ಟಿ ಮಾಡುತ್ತದೆ.

ಪೋಲೆಂಡಿನಲ್ಲಿಯೂ ಇತ್ತು

ಇದು ಭಾರತದ ಕತೆ ಮಾತ್ರವಲ್ಲ. ಯುರೋಪಿನ ಪೋಲೆಂಡಿನಲ್ಲಿ ಜಟೆಗಟ್ಟಿದ ಕೂದಲನ್ನು ‘ಕೋವ್ತುನ್’ ಎನ್ನುತ್ತಿದ್ದರು. ದೇಹದೊಳಗಿನ ರೋಗ ಅದರ ಮೂಲಕ ಹೊರಗೆ ಹೋಗುತ್ತದೆ, ಕತ್ತರಿಸಿದರೆ ಕಣ್ಣು ಹೋದೀತು, ಹುಚ್ಚು ಹಿಡಿದೀತು ಎಂಬ ಭಯ ಅಲ್ಲಿನ ರೈತರಲ್ಲಿತ್ತು. ವೈದ್ಯರೂ ಬಹುಕಾಲ ಅದನ್ನು ಪ್ರತ್ಯೇಕ ರೋಗವೆಂದೇ ತಿಳಿದು ‘ಪ್ಲೈಕಾ ಪೊಲೋನಿಕಾ’ ಎಂದು ಹೆಸರಿಟ್ಟಿದ್ದರು. 19ನೆಯ ಶತಮಾನದ ನಡುವಿನಲ್ಲಿ ಕ್ರಾಕೋವ್ ನಗರದ ವೈದ್ಯ ಯೂಜೆಫ್ ದೀತಲ್ ಅದು ಬಾಚದ, ತೊಳೆಯದ ಕೂದಲೇ ಹೊರತು ಬೇರೇನಲ್ಲವೆಂದು ವಾದಿಸಿ, ಕತ್ತರಿಸಿದರೆ ಕೇಡಿಲ್ಲವೆಂದು ಪ್ರಚಾರ ಮಾಡಿದರು. ಮುಂದೆ ಅವರು ಆ ನಗರದ ಮೇಯರ್ ಕೂಡ ಆದರು. ಸುಮಾರು ಒಂದೂವರೆ ಮೀಟರ್ ಉದ್ದದ ಅಂಥದೊಂದು ಜಟೆಯನ್ನು ಅಲ್ಲಿನ ವೈದ್ಯಕೀಯ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿಡಲಾಗಿದೆ. ಪೋಲೆಂಡಿನ ರೈತನೂ ಘಟಪ್ರಭೆಯ ದಂಡೆಯ ಕೂಲಿಕಾರನೂ ಒಬ್ಬರನ್ನೊಬ್ಬರು ಕಂಡವರಲ್ಲ, ಅಂಜಿಕೆ ಮಾತ್ರ ಒಂದೇ.

ವ್ಯತ್ಯಾಸವೂ ಒಂದಿತ್ತು. ಅಲ್ಲಿ ಜಟೆ ಬಂದವರು ಅದನ್ನು ಹೊತ್ತು ತಿರುಗಿದರು, ಅಷ್ಟೇ. ಇಲ್ಲಿ ಅದು ಹೆಣ್ಣುಮಗಳೊಬ್ಬಳ ಇಡೀ ಬಾಳಿನ ದಿಕ್ಕನ್ನು ಬದಲಿಸಬಹುದಿತ್ತು.

ಸಂಸ್ಥಾನಗಳು, ಕಾಯ್ದೆಗಳು

ಮುಂಬಯಿ ಪ್ರಾಂತ್ಯದಲ್ಲಿ ದೇವದಾಸಿ ರಕ್ಷಣಾ ಕಾಯ್ದೆ ಬಂದದ್ದು 1934ರಲ್ಲಿ. ಮುತ್ತು ಕಟ್ಟುವುದು ಕಾನೂನುಬಾಹಿರ, ಮುತ್ತು ಕಟ್ಟಿಸಿಕೊಂಡವಳ ಮದುವೆ ಸಿಂಧು ಎಂದು ಅದು ಸಾರಿತು. ಆದರೆ ಈ ಸೀಮೆ ಆಗ ಒಂದೇ ಆಡಳಿತದಲ್ಲಿರಲಿಲ್ಲ. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗ್ಲಿ ಸಂಸ್ಥಾನದ್ದು. ಪ್ರಾಂತ್ಯದ ಕಾಯ್ದೆ ಸಂಸ್ಥಾನದ ಗಡಿಯಲ್ಲಿ ನಿಲ್ಲುತ್ತಿತ್ತು. ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳಿಗೆ ಮಾತ್ರ ಯಾವ ಗಡಿಯೂ ಇರಲಿಲ್ಲ. 1948ರಲ್ಲಿ ಸಂಸ್ಥಾನಗಳು ಮುಂಬಯಿಯಲ್ಲಿ ವಿಲೀನವಾದವು, 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಬಂತು.

ಕರ್ನಾಟಕ ತನ್ನದೇ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯನ್ನು 1982ರಲ್ಲಿ ಮಾಡಿ 1984ರಲ್ಲಿ ಜಾರಿಗೆ ತಂದಿತು. ಮುತ್ತು ಕಟ್ಟಿಸಿದವರಿಗೆ 3 ವರ್ಷದವರೆಗೆ, ಅವರು ತಂದೆತಾಯಿ ಅಥವಾ ಬಂಧುಗಳೇ ಆಗಿದ್ದರೆ 5 ವರ್ಷದವರೆಗೆ ಸೆರೆವಾಸವನ್ನು ಅದು ವಿಧಿಸಿತು. ಸರ್ಕಾರ 1993–94ರಲ್ಲಿ ಸಮೀಕ್ಷೆ ನಡೆಸಿದಾಗ 22,873 ದೇವದಾಸಿಯರು ಪತ್ತೆಯಾದರು. 2007–08ರ ಸಮೀಕ್ಷೆ ಸೇರಿಸಿ ರಾಜ್ಯದ ಒಟ್ಟು ಸಂಖ್ಯೆ 46,660 ಆಯಿತು. ಅಂದು ಅವಿಭಜಿತವಾಗಿದ್ದ ವಿಜಾಪುರ ಜಿಲ್ಲೆ ಹಾಗೂ ಬೆಳಗಾವಿ ಜಿಲ್ಲೆ ಈ ಪದ್ಧತಿ ಬೇರೂರಿದ್ದ ನೆಲ.

ಕಾಯ್ದೆ ಮುತ್ತಿನ ಸರವನ್ನು ನಿಷೇಧಿಸಬಲ್ಲದು, ಕೂದಲು ಗಂಟಾಗುವುದನ್ನಲ್ಲ. ಆ ಕೆಲಸ ಬೇರೆಯವರು ಮಾಡಬೇಕಾಯಿತು. ಮಾಜಿ ದೇವದಾಸಿಯರೇ ಸೇರಿ ಘಟಪ್ರಭಾದಲ್ಲಿ 1997ರಲ್ಲಿ ಕಟ್ಟಿದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ‘ಮಾಸ್’ ಹಳ್ಳಿ ಹಳ್ಳಿಗೆ ಹೋಗಿ ತಿಳಿವಳಿಕೆ ಮೂಡಿಸಿತು. ಬಾಲ್ಯದಲ್ಲಿಯೇ ಮುತ್ತು ಕಟ್ಟಿಸಿಕೊಂಡು ಮುಂದೆ ಆ ಸಂಸ್ಥೆಯನ್ನು ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಗಡಿಯಾಚೆ, ಡಾ. ನರೇಂದ್ರ ದಾಭೋಲ್ಕರ್ 1989ರಲ್ಲಿ ಸ್ಥಾಪಿಸಿದ ಮಹಾರಾಷ್ಟ್ರದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತರು ಜಟೆ ಬಿಡಿಸುವುದನ್ನೇ ಒಂದು ಚಳವಳಿಯಾಗಿ ನಡೆಸಿದ್ದಾರೆ.

ಕತ್ತರಿಗೆ ಮುಂಚೆ ಮಾತು

ಜಟೆ ಹೊತ್ತವರ ಕಷ್ಟ ಹೊತ್ತವರಿಗೇ ಗೊತ್ತು. ತೊಳೆದರೆ ಒಣಗುವುದಿಲ್ಲ. ಹೇನು, ದುರ್ವಾಸನೆ, ನೆತ್ತಿಯಲ್ಲಿ ಹುಣ್ಣು, ಭಾರಕ್ಕೆ ಕತ್ತುನೋವು, ಮಗ್ಗುಲು ತಿರುಗಿ ಮಲಗಲಾಗದ ರಾತ್ರಿಗಳು. ಇದರೊಡನೆ ಇನ್ನೊಂದು ಬಗೆಯ ಕೂದಲು ಉದುರುವಿಕೆಯೂ ಸೇರಿಕೊಳ್ಳುತ್ತದೆ. ಜಟೆಯ ಭಾರ ಹಗಲಿರುಳು ಬೇರನ್ನು ಜಗ್ಗುವುದರಿಂದ ಅದರ ಸುತ್ತಲಿನ ಕೂದಲು ಉದುರಿ ನೆತ್ತಿ ಬಯಲಾಗುತ್ತದೆ. ಬಿಗಿಯಾಗಿ ಜಡೆ ಹಾಕುವವರಲ್ಲಿ ಕಾಣುವ ತೊಂದರೆಯೂ ಇದೇ. ಜಗ್ಗುವುದು ಬೇಗ ನಿಂತರೆ ಕೂದಲು ಮತ್ತೆ ಬರುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಬೇರೇ ಸತ್ತು ಆ ಜಾಗ ಕಾಯಂ ಬೋಳಾಗುತ್ತದೆ.

ಜಟೆಗೆ ಜೀವವಿಲ್ಲ, ಕತ್ತರಿಸಿದರೆ ರಕ್ತ ಬರುವುದಿಲ್ಲ, ನೋವೂ ಇಲ್ಲ. ಕಷ್ಟವಿರುವುದು ಮನಸ್ಸಿನಲ್ಲಿ. ಕತ್ತರಿಸಿದ ಮಾರನೆಯ ವಾರ ಮನೆಯಲ್ಲಿ ಎಮ್ಮೆ ಸತ್ತರೂ ಅಪರಾಧಿ ಆಕೆಯೇ. ಆದ್ದರಿಂದ ಈ ಕೆಲಸಕ್ಕೆ ಕೈ ಹಾಕುವವರು ಮೊದಲು ಮಾತಾಡಬೇಕು, ಗಂಡನೊಡನೆ, ಅತ್ತೆಯೊಡನೆ, ಓಣಿಯ ಹಿರಿಯರೊಡನೆ. ಒತ್ತಾಯದಿಂದ ಕತ್ತರಿಸಿದರೆ ಹೋಗುವುದು ಕೂದಲು ಮಾತ್ರ, ಅಂಜಿಕೆ ಉಳಿಯುತ್ತದೆ.

ಎಲ್ಲಮ್ಮನ ಮೇಲಿನ ಭಕ್ತಿಗೂ ಇದಕ್ಕೂ ಜಗಳ ಹಚ್ಚಬೇಕಾಗಿಲ್ಲ. ತಾನೇ ಬಯಸಿ ಜಟೆ ಬಿಟ್ಟ ಸಾಧುವಿನ ಮಾತು ಬೇರೆ, ಹತ್ತು ವರ್ಷದ ಹುಡುಗಿಯ ತಲೆಯ ಗಂಟಿಗೆ ದೊಡ್ಡವರು ಅರ್ಥ ಹಚ್ಚುವುದು ಬೇರೆ. ಸವದತ್ತಿಯ ಜಾತ್ರೆಗೆ ಇಂದಿಗೂ ಈ ಸೀಮೆಯಿಂದ ಬಸ್ಸು, ಟ್ರ್ಯಾಕ್ಟರುಗಳಲ್ಲಿ ಜನ ಹೋಗುತ್ತಾರೆ, ಹಡ್ಡಲಿಗೆ ತುಂಬಿಸಿ, ‘ಉಧೋ’ ಎಂದು ಭಂಡಾರ ಹಾರಿಸಿ ಬರುತ್ತಾರೆ. ಹೋಗಿಬಂದ ಮೇಲೂ ಮಗಳು ಶಾಲೆಗೆ ಹೋಗುವಂತಿರಬೇಕು, ಅಷ್ಟೇ.

ಕೂದಲು ಉದುರಿದರೆ ಏಕೆಂದು ಕೇಳಬೇಕು. ಗಂಟಾದರೂ ಏಕೆಂದು ಕೇಳಬೇಕು. ಜ್ವರ ಬಂದಿತ್ತೇ, ರಕ್ತ ಕಡಿಮೆಯಿದೆಯೇ, ತಲೆಯಲ್ಲಿ ಹುಣ್ಣಿದೆಯೇ, ಬಾಚಿ ಎಷ್ಟು ದಿನವಾಯಿತು? ಶಾಲೆಯ ಶಿಕ್ಷಕಿ, ಆಶಾ ಕಾರ್ಯಕರ್ತೆ, ನೆರೆಮನೆಯ ಅಜ್ಜಿ ಯಾರೇ ಆದರೂ ಈ ನಾಲ್ಕು ಪ್ರಶ್ನೆಗಳನ್ನು ಸಕಾಲದಲ್ಲಿ ಕೇಳಿ, ಒಂದಿಷ್ಟು ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸಲು ಕೂತರೆ ಸಾಕು. ಒಂದು ಮಧ್ಯಾಹ್ನದ ಆ ಕೆಲಸವನ್ನು ಯಾರೂ ಮಾಡದೆ ಹೋದದ್ದರಿಂದ ಹಿಂದಿನ ತಲೆಮಾರಿನ ಎಷ್ಟೋ ಹೆಣ್ಣುಮಕ್ಕಳು ಜೀವಮಾನವಿಡೀ ಅದರ ಭಾರ ಹೊತ್ತರು.