ಅಪ್ಪನ ಡೈರಿಯ ಪ್ರಶಸ್ತಿಗಳು

🎬 ಭಾಗ 1/5

ಪ್ರತಿ ಡಿಸೆಂಬರ್ 31ರ ರಾತ್ರಿ ಇಲ್ಲಿ ನನ್ನ ‘ವರ್ಷದ ಪ್ರಶಸ್ತಿ’ ಪಟ್ಟಿ ಹಾಕ್ತೀನಲ್ಲ, ಅದನ್ನ ನೋಡಿ ಒಬ್ಬರು ಮೆಸೇಜ್ ಮಾಡಿದ್ದರು: “ಮೇಡಂ, 777 ಚಾರ್ಲಿನ 2022ರ ಪಟ್ಟಿಯಲ್ಲಿ ಹಾಕಿದ್ದೀರಿ. ಅದು 2021ರ ಸಿನಿಮಾ. ರಾಷ್ಟ್ರಪ್ರಶಸ್ತಿ ಬಂದಿರೋದೂ 2021ಕ್ಕೇ. ಸರಿ ಮಾಡ್ಕೊಳ್ಳಿ.”

ಅವರು ಹೇಳಿದ್ದು ಸರಿ. ನಾನು ಬರೆದದ್ದೂ ಸರಿ. ಅದು ಹೇಗೆ ಅಂತ ಹೇಳೋಕೆ ಹೋದರೆ ನಮ್ಮಪ್ಪನ ಕಥೆ ಹೇಳಬೇಕಾಗುತ್ತೆ. ಅದಕ್ಕೇ ಐದು ಪೋಸ್ಟು. ಸ್ವಲ್ಪ ಸಹಿಸ್ಕೊಳ್ಳಿ.

ಮೊದಲ ಫೋಟೋದಲ್ಲಿರೋದು ಅಪ್ಪನ ಡೈರಿ. ಅವರು ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಫ್ಯಾಕ್ಟರಿಯಲ್ಲಿ ಲೇತ್ ಕೆಲಸ ಮಾಡ್ತಿದ್ದರು. ಹೊಸ ವರ್ಷಕ್ಕೆ ಅಲ್ಲಿ ಕೊಟ್ಟ ಒಂದು ದಪ್ಪ ಡೈರಿಯನ್ನ 1986ರಲ್ಲಿ ಸಿನಿಮಾ ಲೆಕ್ಕಕ್ಕೆ ಅಂತಲೇ ಎತ್ತಿಟ್ಟರು. ತಾರೀಖು, ಟಾಕೀಸು, ಯಾರ ಜೊತೆ ಹೋದದ್ದು, ಟಿಕೆಟ್ಟಿಗೆ ಎಷ್ಟು. ವರ್ಷದ ಕೊನೆಗೆ ಒಂದು ಪುಟ ಪ್ರಶಸ್ತಿಗೆ: ವರ್ಷದ ಸಿನಿಮಾ, ವರ್ಷದ ಹಾಡು, ವರ್ಷದ ಫೈಟು. ಕೊನೇದು ‘ದುಡ್ಡು ದಂಡ’. (ಆ ಸಾಲಿನ ಹೆಸರುಗಳು ನನ್ನ ಹೊಟ್ಟೆಯಲ್ಲೇ ಇರಲಿ.)

ವರ್ಷದ ಸಿನಿಮಾ ಆರಿಸೋಕೆ ಅವರದ್ದೊಂದು ಅಳತೆ ಇತ್ತು. ನಮ್ಮ ಮನೆ ಬಸವೇಶ್ವರನಗರದಲ್ಲಿ, ಹಾವನೂರು ಸರ್ಕಲ್ ಹತ್ತಿರ. ಸಿನಿಮಾ ನೋಡ್ತಿದ್ದದ್ದು ಹೆಚ್ಚಾಗಿ ನವರಂಗ್‌ನಲ್ಲಿ, ಬಿಟ್ಟರೆ ಮಾಗಡಿ ರೋಡಿನ ಪ್ರಸನ್ನ, ವೀರೇಶ್. ನವರಂಗ್‌ನಿಂದ ಕಾರ್ಡ್ ರೋಡ್ ದಾಟಿ ಮನೆ ಸೇರೋವರೆಗೂ ನಡಿಗೆ. ಯಾವ ಸಿನಿಮಾದ ಮಾತು ಮನೆ ಬಾಗಿಲವರೆಗೂ ನಡೀತೋ ಅದು ಪಟ್ಟಿಗೆ. ಕಾರ್ಡ್ ರೋಡ್‌ನಲ್ಲೇ ಮಾತು ನಿಂತು “ನಾಳೆ ಫಸ್ಟ್ ಶಿಫ್ಟು” ಅಂದ್ರೋ, ಮುಗೀತು, ಆ ಸಿನಿಮಾ ಔಟ್.

ಅಮ್ಮ ಕೇಳೋರು, “ಇದನ್ನ ತಗೊಳ್ಳೋಕೆ ಯಾರು ಬರ್ತಾರ್ರೀ?” ಅಂತ.

🎬 ಭಾಗ 2/5

ಈಗ ದೊಡ್ಡ ಪ್ರಶಸ್ತಿಗಳ ಕಡೆ ಬರೋಣ.

ಕೇಂದ್ರ ಸರ್ಕಾರ ಸಿನಿಮಾಗಳಿಗೆ ಪ್ರಶಸ್ತಿ ಕೊಡೋಕೆ ಶುರು ಮಾಡಿದ್ದು 1954ರಲ್ಲಿ, 1953ರ ಸಿನಿಮಾಗಳಿಗೆ. ಮರುವರ್ಷವೇ ‘ಬೇಡರ ಕಣ್ಣಪ್ಪ’ಕ್ಕೆ ಅರ್ಹತಾ ಪತ್ರ ಬಂತು. ರಾಷ್ಟ್ರಪತಿಗಳ ಬೆಳ್ಳಿ ಪದಕ ಕನ್ನಡಕ್ಕೆ ಬಂದದ್ದು 1957ರ ‘ಪ್ರೇಮದ ಪುತ್ರಿ’ಯಿಂದ, ಆರ್. ನಾಗೇಂದ್ರರಾಯರ ಚಿತ್ರ. ರಾಜ್ಯ ಪ್ರಶಸ್ತಿ ಶುರುವಾಗಿದ್ದು 1966-67ನೇ ಸಾಲಿನಿಂದ. ಆಮೇಲೆ ಬಂತು ನೋಡಿ ‘ಸಂಸ್ಕಾರ’. ಸೆನ್ಸಾರ್‌ನವರು ಮೊದಲು ಬೇಡವೇ ಬೇಡ ಅಂದ ಸಿನಿಮಾ, 1970ರ ಅತ್ಯುತ್ತಮ ಚಿತ್ರ ಅಂತ ಇಡೀ ದೇಶದ ಮೊದಲ ಪ್ರಶಸ್ತಿ ಹೊಡೀತು. ಅಲ್ಲಿಂದ ಚೋಮನ ದುಡಿ, ಘಟಶ್ರಾದ್ಧ, ತಬರನ ಕಥೆ, ತಾಯಿ ಸಾಹೇಬ, ದ್ವೀಪ. ಒಟ್ಟು ಆರು. ಅದರಲ್ಲಿ ಕೊನೆಯ ಮೂರೂ, ಘಟಶ್ರಾದ್ಧವೂ ಗಿರೀಶ್ ಕಾಸರವಳ್ಳಿ ಅವರವು. ಒಬ್ಬರೇ ನಿರ್ದೇಶಕರಿಗೆ ನಾಲ್ಕು!

ಆದರೆ ನಮ್ಮ ಏರಿಯಾದವರ ಬಾಯಲ್ಲಿ ಇದ್ದ ಪ್ರಶಸ್ತಿ ಇದ್ಯಾವುದೂ ಅಲ್ಲ. “ಎಷ್ಟು ವಾರ?” ಅನ್ನೋದೇ ಪ್ರಶಸ್ತಿ. ಐವತ್ತು ದಿನ, ಶತದಿನೋತ್ಸವ, ಇಪ್ಪತ್ತೈದು ವಾರ. ಕಟೌಟಿಗೆ ಹಾರ, ಕಲಾವಿದರಿಗೆ ನೆನಪಿನ ಫಲಕ. 1972ರ ‘ಬಂಗಾರದ ಮನುಷ್ಯ’ ಮೆಜೆಸ್ಟಿಕ್‌ನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು ಅಂತ ಅಪ್ಪ ಹೇಳುವಾಗ, ಆ ಎರಡು ವರ್ಷ ತಾವೇ ಗೇಟಲ್ಲಿ ನಿಂತು ಟಿಕೆಟ್ ಹರಿದವರ ಥರ ಹೇಳೋರು.

ಈಗ ತಾರೀಖಿನ ವಿಷಯ. ರಾಷ್ಟ್ರಪ್ರಶಸ್ತಿಗೆ ಸಿನಿಮಾದ ವರ್ಷ ಅಂದರೆ ಸೆನ್ಸಾರ್ ಸರ್ಟಿಫಿಕೇಟ್ ಸಿಕ್ಕ ವರ್ಷ. ಟಾಕೀಸಿಗೆ ಬಂದ ವರ್ಷ ಅಲ್ಲ. ಹಾಗಾಗಿ 2022ರ ಜೂನ್ 10ಕ್ಕೆ ನಾವು ನೀವೆಲ್ಲ ಕರ್ಚೀಫ್ ಒದ್ದೆ ಮಾಡ್ಕೊಂಡು ನೋಡಿದ 777 ಚಾರ್ಲಿ ಕಾಗದದ ಮೇಲೆ 2021ರ ಅತ್ಯುತ್ತಮ ಕನ್ನಡ ಚಿತ್ರ. ರಾಜ್ಯ ಪ್ರಶಸ್ತಿಯಲ್ಲೂ ಇದೇ ಕಥೆ: 2020ರ ಜನವರಿ 31ಕ್ಕೆ ತೆರೆಕಂಡ ‘ಲವ್ ಮಾಕ್‌ಟೇಲ್’ 2019ರ ಎರಡನೇ ಅತ್ಯುತ್ತಮ ಚಿತ್ರ. ಆ 2019ರ ಪಟ್ಟಿ ಹೊರಗೆ ಬಂದದ್ದು ಯಾವಾಗ ಗೊತ್ತಾ? 2025ರ ಜನವರಿಯಲ್ಲಿ! ‘ಪೈಲ್ವಾನ್’ಗೆ ಅತ್ಯುತ್ತಮ ನಟ ಅಂತ ಹೆಸರು ಬಂದ ಸುದೀಪ್, ನಾನು ಪ್ರಶಸ್ತಿ ತಗೊಳ್ಳೋದನ್ನ ಬಿಟ್ಟು ವರ್ಷಗಳಾಯ್ತು ಅಂತ ವಿನಯದಿಂದಲೇ ವಾಪಸ್ ಮಾಡಿದರು.

ಅಪ್ಪನ ಪಟ್ಟಿ ಮಾತ್ರ ಡಿಸೆಂಬರ್ 31ರ ರಾತ್ರಿ ಊಟಕ್ಕೆ ಮುಂಚೆ ರೆಡಿ. ಒಂದು ವರ್ಷವೂ ತಡ ಆಗಿಲ್ಲ.

🎬 ಭಾಗ 3/5

ಅಪ್ಪನ ರೂಲ್ಸಿನಲ್ಲಿ ಒಂದು ಕಡ್ಡಾಯ: ದುಡ್ಡು ಕೊಟ್ಟು, ಟಾಕೀಸಿನಲ್ಲಿ ನೋಡಿರಬೇಕು. ಟಿವಿ, ಕ್ಯಾಸೆಟ್ಟು ಲೆಕ್ಕಕ್ಕಿಲ್ಲ. ವರ್ಷ ಅಂದರೆ ಟಿಕೆಟ್ ಮೇಲಿನ ವರ್ಷ.

ಈ ರೂಲ್ಸು ಮೊದಲನೇ ವರ್ಷವೇ ಅವರಿಗೆ ಕೈ ಕೊಟ್ಟಿತು. 1986ರ ಪುಟದಲ್ಲಿ ವರ್ಷದ ಸಿನಿಮಾ ‘ಅನುರಾಗ ಅರಳಿತು’. ಅಣ್ಣಾವ್ರು, ಸರಿ, ಯಾರೂ ಜಗಳಕ್ಕೆ ಬರಲ್ಲ. ಅದೇ 1986ರ ಲೆಕ್ಕದಲ್ಲಿ ದೇಶದ ಅತ್ಯುತ್ತಮ ಚಿತ್ರ ಆಗಿದ್ದು ‘ತಬರನ ಕಥೆ’. ಅಪ್ಪ ಅದನ್ನ ನೋಡಿದ್ದು ಕೆಲವು ವರ್ಷ ಆದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ದೂರದರ್ಶನದಲ್ಲಿ. ಆಗೆಲ್ಲ ಪ್ರಶಸ್ತಿ ಬಂದ ಪ್ರಾದೇಶಿಕ ಸಿನಿಮಾಗಳನ್ನ ಭಾನುವಾರ ಮಧ್ಯಾಹ್ನ ಹಾಕ್ತಿದ್ದರಲ್ಲ, ಹಾಗೆ. ತೇಜಸ್ವಿಯವರ ಕಥೆ. ಹೆಂಡತಿಯ ಕಾಲಿನ ಹುಣ್ಣಿಗೆ ಔಷಧಿ ಕೊಡಿಸಬೇಕು, ಅದಕ್ಕೆ ಪಿಂಚಣಿ ಬರಬೇಕು. ತಬರ ಮೇಜಿಂದ ಮೇಜಿಗೆ ಅಲೀತಾನೆ. ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂದ ಪಾತ್ರ.

ಮುಗಿದ ಮೇಲೆ ಅಪ್ಪ ಎದ್ದು ಹೋಗಿ ಹಳೇ ಪುಟ ತೆಗೆದು, ‘ಅನುರಾಗ ಅರಳಿತು’ ಕೆಳಗೆ ಪೆನ್ಸಿಲ್‌ನಲ್ಲಿ ಬರೆದರು: “ತಬರನ ಕಥೆ. ಲೆಕ್ಕಕ್ಕಿಲ್ಲ. ಆದರೂ.” ಎರಡನೇ ಫೋಟೋದಲ್ಲಿ ಕಾಣುತ್ತೆ, ಝೂಮ್ ಮಾಡಿ. ‘ಆದರೂ’ಗೆ ಎರಡು ಸಲ ಅಡ್ಡಗೆರೆ ಎಳೆದಿದ್ದಾರೆ.

ನನಗೆ ಇಲ್ಲೊಂದು ಸಿಟ್ಟಿದೆ, ಹೇಳಿಬಿಡ್ತೀನಿ. ಪ್ರಶಸ್ತಿ ಸಿನಿಮಾ ಜನಕ್ಕೆ ರುಚಿಸಲ್ಲ ಅಂತ ಹೇಳೋರು ಬಹಳ. ಮೂರು ಪಾಳಿ ಫ್ಯಾಕ್ಟರಿಗಳು ತುಂಬಿದ್ದ ಈ ಏರಿಯಾದ ಜನಕ್ಕೆ ತಬರ ಅರ್ಥ ಆಗಲ್ವಾ? ಅಪ್ಪ ಕಾದಿದ್ದರು, ಅವರು ಹೋಗ್ತಿದ್ದ ಟಾಕೀಸುಗಳಿಗೆ ಅದು ಬರಲಿಲ್ಲ, ಅಷ್ಟೆ.

ಉಲ್ಟಾ ಕೇಸೂ ಇದೆ. 1992ರ ಪುಟ: ವರ್ಷದ ಸಿನಿಮಾ, ನಟ, ಹಾಡು ಮೂರೂ ‘ಜೀವನ ಚೈತ್ರ’. ರಾಜ್‌ಕುಮಾರ್ ಅವರಿಗೆ ಆ ಸಿನಿಮಾಗೆ ರಾಷ್ಟ್ರಪ್ರಶಸ್ತಿಯೂ ಬಂತು, ಆದರೆ ಗಾಯಕ ಅಂತ. ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಅವರಿಗೆ ಯಾವತ್ತೂ ಬರಲಿಲ್ಲ. ಮೂರು ವರ್ಷ ಬಿಟ್ಟು ಫಾಲ್ಕೆ ಪ್ರಶಸ್ತಿ ಬಂದಾಗಲೂ ಅಪ್ಪ ಅದೇ ರಾಗ: “ಫಾಲ್ಕೆ ಸರಿ. ನಟನೆಗೆ ಯಾಕಮ್ಮಾ ಕೊಡಲಿಲ್ಲ?” ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ನಡ್ಕೊಂಡು ಹೋಗುವಾಗ ಈ ಪ್ರಶ್ನೆಗೆ ನಾನೇ ಉತ್ತರ ಕೊಡಬೇಕು ಅನ್ನೋ ಹಾಗೆ ಕೇಳೋರು.

🎬 ಭಾಗ 4/5

ಮದುವೆ ಆಗಿ ನಾನು ಕೆಂಗೇರಿಗೆ ಬಂದೆ. ಪಟ್ಟಿ ಮಾಡೋ ಚಟವೂ ಜೊತೆಗೇ ಬಂತು. ಒರಾಯನ್ ಮಾಲಿನಲ್ಲಿ ಬೆಂಗಳೂರು ಚಿತ್ರೋತ್ಸವ ನಡೆದ ವರ್ಷಗಳಲ್ಲಿ ಪಾಸ್ ಮಾಡಿಸಿ ಅಪ್ಪನ್ನೂ ಕರ್ಕೊಂಡು ಹೋಗಿದ್ದೆ. ಇರಾನಿನ ಸಿನಿಮಾ ನೋಡಿ ಖುಷಿಪಟ್ಟರು. ಡೈರಿಗೆ ಹಾಕಲಿಲ್ಲ. “ಪಾಸಲ್ಲಿ ನೋಡಿದ್ದು, ಟಿಕೆಟ್ ಎಲ್ಲಿದೆ?” ಅಂದರು.

ನನ್ನ ಪಟ್ಟಿ ಹೇಗಿರುತ್ತೆ ಅಂತ ಹೊಸಬರಿಗೆ ಒಂದು ಸ್ಯಾಂಪಲ್, 2023ರದ್ದು:

🏆 ವರ್ಷದ ಸಿನಿಮಾ: ‘ಡೇರ್‌ಡೆವಿಲ್ ಮುಸ್ತಾಫಾ’. ತೇಜಸ್ವಿ ಓದುಗರೇ ದುಡ್ಡು ಹಾಕಿ ಮಾಡಿಸಿದ ಸಿನಿಮಾ, ಶಶಾಂಕ್ ಸೋಗಾಲ್ ನಿರ್ದೇಶನ. ಒಬ್ಬ ಮುಸ್ಲಿಂ ಹುಡುಗ ಕಾಲೇಜಿಗೆ ಸೇರಿದ್ದಕ್ಕೆ ಊರು ಬೆಚ್ಚಿ ಬೀಳೋದನ್ನ ನಗಿಸ್ತಾನೇ ಹೇಳಿಬಿಡುತ್ತೆ. ತಬರನೂ ಮುಸ್ತಾಫಾನೂ ಇರೋದು ಒಂದೇ ಪುಸ್ತಕದಲ್ಲಿ, ‘ಅಬಚೂರಿನ ಪೋಸ್ಟಾಫೀಸು’. ಅಪ್ಪನ ‘ಆದರೂ’ಗೆ ನಾನು ಟಿಕೆಟ್ ತಗೊಂಡ ಹಾಗಾಯ್ತು.

🏆 ನಟಿ: ರುಕ್ಮಿಣಿ ವಸಂತ್, ‘ಸಪ್ತ ಸಾಗರದಾಚೆ ಎಲ್ಲೋ’ ಸೈಡ್ ಎ. ಯೋಚನೆ ಮಾಡೋದೇ ಬೇಕಾಗಲಿಲ್ಲ.

🏆 ಮೊದಲ ನಿರ್ದೇಶನ: ಸಿಂಧು ಶ್ರೀನಿವಾಸಮೂರ್ತಿ, ‘ಆಚಾರ್ ಅಂಡ್ ಕೋ’. ಅರವತ್ತರ ದಶಕದ ಬೆಂಗಳೂರಿನ ತುಂಬು ಸಂಸಾರ. ಅಮ್ಮ ಜೊತೆಗಿದ್ದರು, ಅವರದೇ ಕಾಮೆಂಟರಿ ಬೇರೆ.

🏆 ಹೊಟ್ಟೆ ಹುಣ್ಣಾಗಿಸಿದ್ದು: ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’.

ಅದೇ ಸಾಲಿನ ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ಕನ್ನಡ ಚಿತ್ರ ಆಗಿದ್ದು ‘ಕಂದೀಲು’. ನಾನು ನೋಡಿಲ್ಲ. ನೋಡದೆ ಅದರ ಬಗ್ಗೆ ಏನೂ ಹೇಳಲ್ಲ. ಆದರೆ ಪೆನ್ಸಿಲ್ ಮಾತ್ರ ತಯಾರಿಟ್ಟಿದ್ದೀನಿ.

ಹಾಂ, ‘ಕಾಟೇರ’ ಎಲ್ಲಿ ಅಂತೀರಾ? ಬಂದದ್ದು 2023ರ ಡಿಸೆಂಬರ್ 29. ನನಗೆ ಟಿಕೆಟ್ ಸಿಕ್ಕಿದ್ದು ಜನವರಿ 1. ನನ್ನ ಲೆಕ್ಕದಲ್ಲಿ ಅದು 2024ರ ಸಿನಿಮಾ. ಸೆನ್ಸಾರ್ ಲೆಕ್ಕವನ್ನ ಆಡಿಕೊಳ್ಳೋ ನಾವೇನು ಕಡಿಮೆ ಎಡವಟ್ಟುಗಳಲ್ಲ!

🎬 ಭಾಗ 5/5

ಕೊನೆಯ ಫೋಟೋ 2021ರ ಪುಟ.

ಮೂರೇ ಸಾಲಿದೆ. ಫೆಬ್ರವರಿಯಲ್ಲಿ ‘ಪೊಗರು’. ಮಾರ್ಚ್‌ನಲ್ಲಿ ‘ರಾಬರ್ಟ್’. ಏಪ್ರಿಲ್‌ನಲ್ಲಿ ‘ಯುವರತ್ನ’. ಆಗಿನ ಪರಿಸ್ಥಿತಿ ನಿಮಗೆ ನೆನಪಿರಬೇಕು. ‘ಯುವರತ್ನ’ ಏಪ್ರಿಲ್ 1ಕ್ಕೆ ಬಂತು, ಬೆನ್ನಲ್ಲೇ ಅರ್ಧ ಸೀಟು ಮಾತ್ರ ಅನ್ನೋ ಆದೇಶ ಬಂತು, ಒಂಬತ್ತನೇ ತಾರೀಖಿಗೆ ಸಿನಿಮಾ ಮೊಬೈಲಿಗೇ ಬಂದುಬಿಡ್ತು. ಅಪ್ಪ ಅಷ್ಟರೊಳಗೆ ಹೋಗಿ ನೋಡಿಬಂದಿದ್ದರು. “ಅಪ್ಪು ಸಿನಿಮಾನ ಅಂಗೈಯಲ್ಲಿ ಇಟ್ಕೊಂಡು ನೋಡೋಕಾಗುತ್ತಾ?” ಅಂತ ಫೋನಲ್ಲಿ ನಕ್ಕರು. ಮೇ ತಿಂಗಳಲ್ಲಿ ಹೋದರು. ಅಕ್ಟೋಬರ್ 29ಕ್ಕೆ ಅಪ್ಪುನೂ ಹೋದರು.

ಪ್ರಶಸ್ತಿ ಪುಟ ಖಾಲಿ ಉಳೀತು.

2022ರ ಜೂನ್‌ನಲ್ಲಿ ಚಾರ್ಲಿ ನೋಡೋಕೆ ಒಬ್ಬಳೇ ಹೋಗಿದ್ದೆ. ನಡ್ಕೊಂಡು ಮನೆ ಸೇರೋ ಅಳತೆ ಈಗ ನಡೆಯಲ್ಲ. ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಾಯಿಸಿ ಕೆಂಗೇರಿಗೆ ಬರಬೇಕು. ವಿಜಯನಗರ ದಾಟುವಾಗಲೂ ಧರ್ಮ, ಚಾರ್ಲಿ, ಆ ಹಿಮ, ಎಲ್ಲ ತಲೆಯಲ್ಲೇ ಓಡ್ತಿತ್ತು. ಮಾತಾಡೋಕೆ ಪಕ್ಕದಲ್ಲಿ ಯಾರೂ ಇರಲಿಲ್ಲ. ಮನೆ ಬಾಗಿಲವರೆಗೂ ಬಂತು, ಹಾಗಾಗಿ ಆ ವರ್ಷದ ಸಿನಿಮಾ ಅದೇ ಆಯ್ತು.

2023ರ ಆಗಸ್ಟ್‌ನಲ್ಲಿ ರಾಷ್ಟ್ರಪ್ರಶಸ್ತಿ ಪಟ್ಟಿ ಬಂದು, ಅದರಲ್ಲಿ ಚಾರ್ಲಿ 2021ರ ಸಿನಿಮಾ ಅಂತ ಓದಿದಾಗ ನಾನು ಮಾಡಿದ್ದು ಒಂದೇ ಕೆಲಸ. ಡೈರಿ ತೆಗೆದು 2021ರ ಪುಟ ನೋಡಿದೆ. ಸರ್ಕಾರದ ಲೆಕ್ಕ ಹಿಡಿದರೆ ಚಾರ್ಲಿ ಅಪ್ಪನ ಕೊನೇ ವರ್ಷದ ಸಿನಿಮಾ. ಅಪ್ಪನ ಲೆಕ್ಕ ಹಿಡಿದರೆ ಅವರು ಅದನ್ನ ನೋಡಲೇ ಇಲ್ಲ. ಟಿಕೆಟ್ ಇಲ್ಲ.

ಪೆನ್ಸಿಲ್ ಕೈಯಲ್ಲಿತ್ತು. ಅಮ್ಮ ಪಕ್ಕದಲ್ಲಿ ಕೂತು ಹುರುಳಿಕಾಯಿ ಸೋಸ್ತಿದ್ದರು. “ಏನ್ ಬರೀತಿದೀಯಾ ಅದರಲ್ಲಿ?” ಅಂದರು. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನೋಡದೇ ಇದ್ದದ್ದಕ್ಕೆ ನಿಮ್ಮಪ್ಪ ಕೊಟ್ಟವರಲ್ಲ, ಬಿಡು. ಯುವರತ್ನ ನೋಡ್ಕೊಂಡು ಬಂದವರು ರಾತ್ರಿ ಊಟದವರೆಗೂ ಅದನ್ನೇ ಹೇಳ್ತಾ ಇದ್ದರು” ಅಂದರು.

2021ರ ಪ್ರಶಸ್ತಿ ಪುಟದಲ್ಲಿ ಈಗ ಒಂದು ಹೆಸರಿದೆ. ಅಕ್ಷರ ನನ್ನದು, ತೀರ್ಪು ಅಮ್ಮನದು.

ಮೆಸೇಜ್ ಮಾಡಿದವರೇ, ಹಾಗಾಗಿ ಚಾರ್ಲಿನ 2022ರಲ್ಲೇ ಬಿಡ್ತೀನಿ. ಈ ವರ್ಷದ ನನ್ನ ಪಟ್ಟಿ 31ರ ರಾತ್ರಿ, ಊಟಕ್ಕೆ ಮುಂಚೆ. ನಿಮ್ಮದೂ ಕಳಿಸಿ. ಟಿಕೆಟ್ ಫೋಟೋ ಇದ್ದರೆ ಇನ್ನೂ ಒಳ್ಳೇದು.

#ಅಪ್ಪನಡೈರಿ #ಕನ್ನಡಸಿನಿಮಾ #ನವರಂಗ್ #ರಾಜಾಜಿನಗರ #ಬಸವೇಶ್ವರನಗರ #ಕೆಂಗೇರಿ