ವೇದಿಗೂ ವೇದಿಕೆಗೂ ನಡುವೆ

ಕನ್ನಡ ಬೈಬಲ್ ಓದುವವರಿಗೆ 'ಯಜ್ಞವೇದಿ' ಎಂದೊಡನೆ ಕಲ್ಲು, ಬೆಂಕಿ, ಕುರಿಮರಿ ಕಣ್ಣಿಗೆ ಕಟ್ಟುತ್ತವೆ. ಕ್ಯಾಥೊಲಿಕರ ಬಾಯಲ್ಲಿ ಅದು 'ಬಲಿಪೀಠ'. ಹಾಗಾಗಿ 'ಆಲ್ಟರ್ ಕಾಲ್' ಎಂಬ ಮಾತನ್ನು ಕನ್ನಡಕ್ಕೆ ತರುವುದು ಪೇಚಿನ ಕೆಲಸ. ಪ್ರಸಂಗ ಮುಗಿಸಿದ ಬೋಧಕರು, ಕ್ರಿಸ್ತನನ್ನು ಒಪ್ಪಿಕೊಳ್ಳುವವರು ಎದ್ದು ಬನ್ನಿ ಎಂದು ಕರೆಯುವುದಕ್ಕೆ ಆ ಹೆಸರು. 'ಬಲಿಪೀಠಕ್ಕೆ ಕರೆ' ಎಂದರೆ ಜನ ಹಿಂಬಾಗಿಲು ಹುಡುಕಿಯಾರು!

ತಮಾಷೆಯೆಂದರೆ, ಈ ಕರೆ ಬೆಳೆದದ್ದು ಬಲಿಪೀಠವನ್ನೇ ಒಲ್ಲದವರ ನಡುವೆ. ಮತಸುಧಾರಣೆಯ ಕಾಲದಲ್ಲಿ ಪ್ರೊಟೆಸ್ಟಂಟರು ಎಷ್ಟೋ ಕಡೆ ಅದನ್ನು ಕಿತ್ತು ಮರದ ಮೇಜು ಇಟ್ಟಿದ್ದರು. ಹೊರಹೋದ ಪದ ಅಮೆರಿಕದ ಮೆಥಡಿಸ್ಟರ ಬಯಲು ಕೂಟಗಳಲ್ಲಿ ಮರಳಿ ಬಂತು. ಬೋಧಕರ ಅಟ್ಟಣೆಯ ಮುಂದೆ ಬೇಲಿ ಕಟ್ಟಿದ ಜಾಗವೇ ಅಲ್ಲಿ 'ಆಲ್ಟರ್'. ಪಾಪಕ್ಕೆ ಮರುಗಿದವರಿಗೆ ಅಲ್ಲೊಂದು ಬೆಂಚು.

ಆ ಬೆಂಚಿಗೆ ದೊಡ್ಡ ಹೆಸರು ತಂದವರು ಅಮೆರಿಕದ ಬೋಧಕ ಚಾರ್ಲ್ಸ್ ಫಿನ್ನಿ. ವಕೀಲಿಕೆ ಕಲಿತವರಲ್ಲವೇ, ತೀರ್ಪು ಅಲ್ಲಿಯೇ ಆಗಬೇಕು ಎನ್ನುವವರು. 1830–31ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಿನ ಉಜ್ಜೀವನ ಕೂಟಗಳಲ್ಲಿ ಅವರು ಜನರನ್ನು ಮುಂದಿನ ಸಾಲಿಗೆ ಕರೆದರು. ಅಪೊಸ್ತಲರ ಕಾಲದಲ್ಲಿ ದೀಕ್ಷಾಸ್ನಾನ ಮಾಡುತ್ತಿದ್ದ ಕೆಲಸವನ್ನೇ ಈಗ ಬೆಂಚು ಮಾಡುತ್ತದೆ ಎಂಬುದು ಅವರ ವಾದ. ದೇವಶಾಸ್ತ್ರಜ್ಞ ಜಾನ್ ವಿಲಿಯಂಸನ್ ನೆವಿನ್ 1843ರಲ್ಲಿ ಆ ಬೆಂಚಿನ ಮೇಲೇ ಒಂದು ಪುಸ್ತಕ ಬರೆದು ಜಗಳ ತೆಗೆದರು: ಬೆಂಚಿಗೆ ಬಂದವನು ಕ್ರಿಸ್ತನ ಬಳಿಗೇ ಬಂದೆನೆಂದು ಭ್ರಮಿಸುತ್ತಾನೆ, ಮಕ್ಕಳಿಗೆ ಧರ್ಮಪಾಠ ಹೇಳಿಕೊಡುವ ನಿಧಾನದ ದಾರಿಯೇ ಮೇಲು.

ಇಪ್ಪತ್ತನೇ ಶತಮಾನದ ಬೋಧಕ ಬಿಲಿ ಗ್ರಹಾಂ ಕಾಲಕ್ಕೆ ಬೆಂಚೂ ಹೋಯಿತು, ಕ್ರೀಡಾಂಗಣ ಬಂತು. ಕರೆಯ ಹೊತ್ತಿನ ಹಾಡು ಮಾತ್ರ ಹಳೆಯದು: 'ಜಸ್ಟ್ ಆ್ಯಸ್ ಐ ಆ್ಯಮ್'. ಸಾವಿರಾರು ಜನರನ್ನು ಎದ್ದು ನಡೆಸಿದ ಆ ಹಾಡನ್ನು 1835ರ ಸುಮಾರಿಗೆ ಬರೆದ ಷಾರ್ಲಟ್ ಎಲಿಯಟ್, ವರ್ಷಗಟ್ಟಲೆ ಕಾಯಿಲೆಯಿಂದ ಮನೆ ಹಿಡಿದಿದ್ದವರು.

ಬೆಂಚಿನಿಂದ ಕ್ರೀಡಾಂಗಣಕ್ಕೆ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ವರ್ಷ ಹಿಡಿದ ಈ ಪಯಣವನ್ನು ಕನ್ನಡ ಒಂದೇ ಅಕ್ಷರದಲ್ಲಿ ಮುಗಿಸುತ್ತದೆ: ವೇದಿಗೆ 'ಕೆ' ಸೇರಿದರೆ ವೇದಿಕೆ. ಮೊದಲನೆಯದು ಒಪ್ಪಿಸುವ ಜಾಗ, ಎರಡನೆಯದು ನೋಡುವ ಜಾಗ.

ಆದರೆ ಮುಂದಕ್ಕೆ ನಡೆದವರು ಯಾವುದರತ್ತ ಹೊರಟರೆಂದು ನೋಡಿ ಹೇಳುವುದು ಸುಲಭವಲ್ಲ. ಗ್ರಹಾಂ ಕೂಟಗಳಲ್ಲಿ, ಬಂದವರೊಡನೆ ಮಾತಾಡಿ ಪ್ರಾರ್ಥಿಸಲು ತರಬೇತಾದ ಸಲಹೆಗಾರರೂ ಜನರ ನಡುವಿನಿಂದಲೇ ಎದ್ದು ಮುಂದಕ್ಕೆ ನಡೆಯುತ್ತಿದ್ದರು. ಯಾರು ಕರೆಗೆ ಓಗೊಟ್ಟವರು, ಯಾರು ಕೆಲಸಕ್ಕೆ ಹೊರಟವರು ಎಂಬುದು ದೂರ ಕೂತವರಿಗೆ ಸುಲಭವಾಗಿ ತಿಳಿಯುತ್ತಿರಲಿಲ್ಲ. ನಮ್ಮ ಕೂಟಗಳಲ್ಲಿ ಕೇಳುವುದು ಬರೀ "ಮುಂದೆ ಬನ್ನಿ". ವೇದಿಗೋ ವೇದಿಕೆಗೋ ಎಂಬುದನ್ನು ಆ ಮಾತು ಹೇಳುವುದಿಲ್ಲ, ನಡೆದವರೇ ಹೇಳಬೇಕು.